ನಾನು ನೆರಳಿಗೆ ಸರಿಸಿದ ಕುರ್ಚಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಯ ಸಂಪಾದಕರಿಗೂ, ಬುಕ್ಕಾಂಬುಧಿ, ಅಜ್ಜಂಪುರ, ಕಡೂರು ಕಡೆಯ ಓದುಗರಿಗೂ ವಂದನೆಗಳು.

ವಿಷಯ: ಕಡೂರು ಮತ್ತು ಗಾಲ್ವೇ ನಗರಗಳ ಹವಾಮಾನವನ್ನು ಹೋಲಿಸಿ ಬರೆಯುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಬರುವ ಮುನ್ನ ಕ್ಷಮೆ ಕೋರಬೇಕಾಗಿದೆ. ರೋಗಿಗಳ ವರದಿಯ ಹೊರತು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಅಕ್ಷರ ಕೋಳಿ ಕೆದರಿದಂತಿದೆ, ಕಾಗುಣಿತ ಮರೆತುಹೋಗಿದೆ. ಅರ್ಜಿ ಬರೆಯುವ ಕ್ರಮವೊಂದೇ ತಿಳಿದಿರುವುದರಿಂದ ಅದೇ ಕ್ರಮವನ್ನು ಅನುಸರಿಸಿರುತ್ತೇನೆ.

ಕಡೂರಿನ ನರ್ಸಿಂಗ್ ಹೋಮೊಂದರಲ್ಲಿ ದಾದಿಯಾಗಿದ್ದ ನಾನು, ಮೂರು ವರ್ಷಗಳಿಂದ ಐರ್ಲೆಂಡ್ ದೇಶದ ಗಾಲ್ವೇ ನಗರದ ವೃದ್ಧಾಶ್ರಮದಲ್ಲಿ ಕೆಲಸದಲ್ಲಿದ್ದೇನೆ. ಮೊದಲ ದಿನ ಬೆಳಿಗ್ಗೆ ಬಸ್ಸಿಗೆ ನಿಂತಿದ್ದಾಗ ಮಳೆಯು ಮೇಲಿನಿಂದ ಬೀಳದೆ ಪಕ್ಕದಿಂದ ಬಂದು ಕಿವಿಯೊಳಗೆ ನುಗ್ಗಿತು. ಕೊಡೆ ಮಗುಚಿ ಕಡ್ಡಿಗಳು ಮುರಿದವು. ಪಕ್ಕದಲ್ಲಿ ತೊಯ್ದು ನಿಂತಿದ್ದ ಹೆಂಗಸು ನಕ್ಕು, "ಸಾಫ್ಟ್ ಡೇ" ಎಂದರು. ಮೆತ್ತನೆಯ ದಿನ ಎಂದರ್ಥ. ಮಳೆ ಹಿಡಿದ ದಿನವನ್ನು ಇಲ್ಲಿಯವರು ಹಾಗೆ ಕರೆಯುತ್ತಾರೆಂದು ಆಮೇಲೆ ತಿಳಿಯಿತು.

ನಮ್ಮಲ್ಲಿ ರೋಹಿಣಿ ಮಳೆ, ಆರಿದ್ರೆ ಮಳೆ ಎಂದು ಹೆಸರಿಟ್ಟು ಕಾಯುತ್ತೇವೆ. ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದರೆ ಕೆಲಸ ಬಿಟ್ಟು ನೋಡಲು ಹೋಗುತ್ತೇವೆ. ಇಲ್ಲಿ ಮಳೆಗೆ ಯಾರೂ ತಲೆ ಎತ್ತುವುದಿಲ್ಲ. ಕಡೂರಿನಲ್ಲಿ ತಂತಿಯ ಮೇಲೆ ಹಾಕಿದ ಸೀರೆ ಅಡಿಗೆ ಮುಗಿಯುವಷ್ಟರಲ್ಲಿ ಗರಿಗರಿಯಾಗುತ್ತದೆ. ಇಲ್ಲಿ ಕಾಲುಚೀಲ ಒಣಗಲು ಮೂರು ದಿನ ಬೇಕು. ಬಾಡಿಗೆ ಕೋಣೆಯ ಗೋಡೆಯಲ್ಲಿ ಬೂಷ್ಟು, ಊರಿನಿಂದ ತಂದ ರಾಗಿಹಿಟ್ಟಿನಲ್ಲಿಯೂ ಬೂಷ್ಟು. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಸೋದರತ್ತೆ ಗಂಗಮ್ಮನವರಿಗೆ ಫೋನಿನಲ್ಲಿ ಹೇಳಿದರೆ, "ಅಷ್ಟೊತ್ತಿಗೇ ಕತ್ಲೇನೇ? ಹಂಗಾದ್ರೆ ಹಗ್ಲು ಯಾವಾಗ್ಲೇ ನಿಮ್ಗೆ?" ಎಂದು ನಗುತ್ತಿದ್ದರು.

ಹೋಲಿಕೆಯನ್ನು ಇಷ್ಟಕ್ಕೇ ಮುಗಿಸಿ ಕಳುಹಿಸೋಣವೆಂದು ಎರಡು ಬಾರಿ ಪ್ರಯತ್ನಿಸಿದೆ. ಆಗಲಿಲ್ಲ. ನಾಚಿಕೆಯ ಸಂಗತಿಯೊಂದನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ.

ನನ್ನ ಆರೈಕೆಯಲ್ಲಿದ್ದವರಲ್ಲಿ ನೋರಾ ಎಂಬ ವೃದ್ಧೆಯೂ ಒಬ್ಬರು. ಪ್ರಾಯದಲ್ಲಿ ಸೈಕಲ್ ತುಳಿದು ಅಂಚೆ ಹಂಚಿದವರು. ಪಾರ್ಶ್ವವಾಯುವಿನಿಂದ ಮಾತು ನಿಂತು, ಎಡಗೈ ಮಾತ್ರ ಆಡುತ್ತಿತ್ತು. ಚಳಿಗಾಲವಿಡೀ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಿದ್ದರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಏಕಾಏಕಿ ಬಿಸಿಲು ಬಂತು. ಎಲ್ಲರನ್ನೂ ತೋಟಕ್ಕೆ ಕರೆದೊಯ್ಯಲು ಆಶ್ರಮದ ಮೇಲ್ವಿಚಾರಕರು ಹೇಳಿದರು. ನೋರಾ ಅವರ ಗಾಲಿಕುರ್ಚಿಯನ್ನು ಹುಲ್ಲಿನ ನಡುವೆ ನಿಲ್ಲಿಸಿ ಚಹಾ ತರಲು ಹೋದೆ. ಮರಳಿ ಬಂದಾಗ ಅವರ ಮುಖ ಕೆಂಪಾಗಿತ್ತು, ಮುಚ್ಚಿದ ಕಣ್ಣಂಚಿನಲ್ಲಿ ನೀರಿತ್ತು.

ಚಿಕ್ಕಂದಿನಲ್ಲಿ ಬೇಸಿಗೆ ರಜೆಯಲ್ಲಿ ನನಗೊಂದು ಕೆಲಸವಿತ್ತು. ಅಂಗಳದ ಹೊಂಗೆಮರದ ನೆರಳು ಸರಿದಂತೆ ಅಜ್ಜಿಯ ಕುರ್ಚಿಯನ್ನೂ ಸರಿಸುವುದು. ಮರೆತು ಆಡುತ್ತಿದ್ದರೆ ಒಳಗಿನಿಂದ ಅತ್ತೆ, "ಲೇ, ಅಜ್ಜಿ ಮೇಲೆ ಬಿಸ್ಲು ಬಂತು ಕಣೇ!" ಎಂದು ಕೂಗುತ್ತಿದ್ದರು. ಅಂದು ಆ ಕೂಗು ಕಿವಿಯಲ್ಲೇ ಕೇಳಿಸಿದಂತಾಗಿ, ಓಡಿಹೋಗಿ ನೋರಾ ಅವರನ್ನು ಗೋಡೆಯ ನೆರಳಿಗೆ ತಳ್ಳಿದೆ. ತಲೆಗೆ ಬಟ್ಟೆ ಹೊದಿಸಿದೆ, ನೀರು ಕುಡಿಸಿದೆ. ಅವರು ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿಯುತ್ತಲೇ ಇದ್ದರು. ಹಾಯೆನಿಸಿರಬೇಕೆಂದು ಆ ಕೈಯನ್ನು ನೇವರಿಸಿದೆ. ಅರ್ಧ ಗಂಟೆಯಲ್ಲಿ ಮೋಡ ಮುಚ್ಚಿತು.

ಸಂಜೆ ಅವರ ಮಗಳು ಮೇರಿ ಬಂದರು. ಕೋಟನ್ನು ಕಳಚುವ ಮೊದಲೇ, "ಅಮ್ಮನಿಗೆ ಬಿಸಿಲು ಸಿಕ್ಕಿತಾ? ಅಕ್ಟೋಬರಿನಿಂದ ಇದಕ್ಕೇ ಕಾಯುತ್ತಿದ್ದಾಳೆ" ಎಂದರು. ಆ ಬಡಿತದ ಅರ್ಥ ಆಗ ನನಗೆ ತಿಳಿಯಿತು. ನಿಜ ಹೇಳಬಹುದಿತ್ತು. "ಸಿಕ್ಕಿತು, ಅರ್ಧ ಗಂಟೆ ಚೆನ್ನಾಗಿ ಮೈ ಕಾಯಿಸಿಕೊಂಡರು" ಎಂದೆ. ನೋರಾ ನನ್ನನ್ನೇ ನೋಡುತ್ತಿದ್ದರು. ಈ ಸಲ ಕೈ ಬಡಿಯಲಿಲ್ಲ.

ಮತ್ತೆ ಬಿಸಿಲು ಬರುವ ಮುನ್ನವೇ ಅವರು ತೀರಿಕೊಂಡರು. ಮೇರಿ ನನ್ನನ್ನು ತಬ್ಬಿಕೊಂಡು, "ಕೊನೆಯ ಬಿಸಿಲನ್ನು ನೀನು ಕೊಟ್ಟೆ" ಎಂದು ಅತ್ತರು. ಅದನ್ನೇ ಬರೆದ ಒಂದು ಕಾರ್ಡನ್ನೂ ಕಳುಹಿಸಿದರು. ಅದು ನನ್ನ ಪೆಟ್ಟಿಗೆಯ ತಳದಲ್ಲಿದೆ.

ಅತ್ತೆಗೆ ಎಲ್ಲವನ್ನೂ ಹೇಳಿದೆ. "ಬಿಡೇ, ವಯಸ್ಸಾದೋರ್ನ ನೆರಳಲ್ಲಿ ಕೂರ್ಸಿದ್ದು ತಪ್ಪೇನೇ? ಒಳ್ಳೇದೇ ಮಾಡಿದೀಯ" ಎಂದರು. ಊರಿನಲ್ಲಿ ಯಾರನ್ನು ಕೇಳಿದರೂ ಹೀಗೆಯೇ ಹೇಳಿಯಾರು. ಕ್ಷಮಿಸಬೇಕಾದವರು ಅವರಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆ. ಮೊಣಕಾಲು ನೋವಿನ ಅತ್ತೆ ಹೊಂಗೆಯ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮಾತನಾಡುತ್ತಲೇ ನಾನು ಆ ಕುರ್ಚಿಯನ್ನು ಎಳೆದು ಹನ್ನೊಂದು ಗಂಟೆಯ ಬಿಸಿಲಿಗೆ ಇಟ್ಟುಬಿಟ್ಟೆ.

"ಅಯ್ಯೋ ಇವ್ಳ! ಲೇ, ನಾನೇನು ಹಪ್ಳನೇನೇ ಒಣ್ಗಾಕಕ್ಕೆ?" ಎಂದು ಅತ್ತೆ ಕೂಗಿದರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅತ್ತೆಗೆ ಕೂಗಲು ಬಾಯಿತ್ತು.

ಅರ್ಜಿಯ ಕೊನೆಯಲ್ಲಿ ಸ್ಥಳವನ್ನು ನಮೂದಿಸುವುದು ವಾಡಿಕೆ. ಕಡೂರೆಂದು ಬರೆದು ಹೊಡೆದುಹಾಕಿದೆ, ಗಾಲ್ವೇ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಖಾಲಿ ಬಿಟ್ಟಿರುವುದನ್ನು ಮನ್ನಿಸುವುದು.

ಇದರಲ್ಲಿ ಕಂಡುಬರುವ ತಪ್ಪುಗಳನ್ನೆಲ್ಲ ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿ, ಒಂದು ಪ್ರತಿಯನ್ನು ನನಗೆ ಕಳುಹಿಸಬೇಕಾಗಿ ಪ್ರಾರ್ಥನೆ. ಆ ತಿದ್ದಿದ ಪ್ರತಿಯನ್ನು ಎದುರಿಗಿಟ್ಟುಕೊಂಡು ಇದನ್ನೇ ಇಂಗ್ಲಿಷಿನಲ್ಲಿ ಬರೆದು, ಮೇರಿಯವರ ಮನೆಗೆ ಹೋಗಿ, ಅವರ ಕೈಗೇ ಕೊಡತಕ್ಕದ್ದೆಂದು ತೀರ್ಮಾನಿಸಿರುತ್ತೇನೆ.

ತಮ್ಮ ವಿಶ್ವಾಸಿ,
ಸುಜಾತ
ಸ್ಥಳ: