ಅಲ್ವೆಸ್ಟರ್ ಬಿವಿನ್ಸ್ ಅತ್ತ ಬಗೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ತಾಯಿಯ ಶವಪೆಟ್ಟಿಗೆ ಚರ್ಚಿನೊಳಗೆ ಬರುವ ಮುಂಚೆ, ಅಲ್ವೆಸ್ಟರ್ ಬಿವಿನ್ಸ್ ಪಾದ್ರಿಯ ಕೋಣೆಯ ಕನ್ನಡಿಯ ಮುಂದೆ ನಿಂತು ಅಳುವುದನ್ನು ಅಭ್ಯಾಸ ಮಾಡುತ್ತಿದ್ದ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಎರಡೂ ಒಟ್ಟಿಗೆ ತುಂಬಿದರೆ ಮುಖ ಊದಿದಂತೆ ಕಾಣುತ್ತದೆಂದು ಲಾಸ್ ಏಂಜಲೀಸಿನಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ.

ಅಕ್ಕ ರೋಜೆಟ್ಟಾ ಬಾಗಿಲಲ್ಲಿ ನಿಂತು ನೋಡಿದಳು. ಜಾರ್ಜಿಯಾದ ಮೇಕನ್ ಊರಿನ ಹಿಕರಿ ಬ್ರಾಂಚ್ ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಅವಳೇ.

"ಕಣ್ಣೀರು ಬಂತಾ, ಇನ್ನೂ ದಾರೀಲಿದ್ಯಾ?"

"ಇದು ತಯಾರಿ, ಅಕ್ಕ. ಕಲಾವಿದ ಆದವನು ದುಃಖಾನ ಕೈಗೆ ಸಿಗೋ ಹಾಗೆ ಇಟ್ಕೊಂಡಿರ್ಬೇಕು."

"ಹೌದಪ್ಪ. ಅಮ್ಮ ಹಾಸಿಗೆ ಹಿಡಿದಿದ್ದಾಗ ಅದನ್ನ ಎಲ್ಲಿ ಬಚ್ಚಿಟ್ಟಿದ್ದೆ?"

ಅವನು ಕನ್ನಡಿಗೆ ಇನ್ನಷ್ಟು ಹತ್ತಿರ ಬಾಗಿದ. ಬಲಗಣ್ಣಿನ ಕೆಲಸ ಇನ್ನೂ ಬಾಕಿಯಿತ್ತು.

ಅವನನ್ನು ಹೊರಗಟ್ಟುವಂತಿರಲಿಲ್ಲ. ಸಾಯುವ ಹಿಂದಿನ ವಾರ ಅಮ್ಮ ಮಗಳ ಕೈಹಿಡಿದು ಹೇಳಿದ್ದಳು: "ನನ್ನ ಪದಾನ ನಿನ್ ತಮ್ಮ ವೆಸ್ ಕೈಲೇ ಹಾಡಿಸು. ಆದ್ರೆ ನನ್ ಪೆಟ್ಟಿಗೆ ಮುಂದೆ ಆಟ ಕಟ್ಟೋಕೆ ಬಿಡ್ಬೇಡ ಕಣೆ." ಒಂದೇ ಉಸಿರಿನಲ್ಲಿ ಕೇಳಿದ ಈ ಎರಡೂ ಮಾತುಗಳನ್ನು ಒಟ್ಟಿಗೆ ನಡೆಸುವುದು ಹೇಗೆಂದು ರೋಜೆಟ್ಟಾಗೆ ತಿಳಿದಿರಲಿಲ್ಲ. ಅಮ್ಮನ ಪದವೆಂದರೆ ಅವಳ ತಾಯಿ, ಅಂದರೆ ಇವರ ಅಜ್ಜಿ, ಹತ್ತಿ ಹೊಲದಲ್ಲಿ ಹಾಡುತ್ತಿದ್ದದ್ದು. ಒಬ್ಬರು ಸಾಲು ಹೇಳಿಕೊಟ್ಟರೆ ಉಳಿದವರು ಅದನ್ನು ನಿಧಾನವಾಗಿ ಎಳೆದು ಹಾಡುವಂಥದ್ದು. ಅದು ಕೆಟ್ಟರೆ ಅಮ್ಮನಿಗೆ ಇನ್ನೊಂದು ಅಂತ್ಯಕ್ರಿಯೆ ಇರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅಲ್ವೆಸ್ಟರನ ದನಿ ಚೆನ್ನಾಗಿತ್ತು. ಅದು ಅಮ್ಮನಿಂದ ಬಂದ ದನಿ. ಅಪ್ಪನ ಆಸ್ತಿಯನ್ನು ಜೂಜುಕೋರ ನೋಡಿಕೊಳ್ಳುವಷ್ಟೇ ಜೋಪಾನವಾಗಿ ಅವನು ಅದನ್ನು ನೋಡಿಕೊಂಡ. ಚರ್ಚಿನ ಗಾಯಕವೃಂದ ಬಿಟ್ಟು, ಬಾರುಗಳಲ್ಲಿ ನಡೆಯುವ ಸೋಲ್ ಸಂಗೀತ ಹಾಡಲು ಹೋದವನು ಸಾವಿರದ ಒಂಬೈನೂರ ಅರವತ್ತಾರರ ಬೇಸಿಗೆಯಲ್ಲಿ 'ಪ್ರಿನ್ಸ್ ವೆಸ್' ಎಂಬ ಹೆಸರಿನಲ್ಲಿ ಒಂದು ರೆಕಾರ್ಡ್ ತಂದ. ಮೇಕನ್ನಿನ ಕ್ಷೌರದಂಗಡಿಗಳಲ್ಲಿ ಅದು ಆ ಬೇಸಿಗೆಯಿಡೀ ಸುತ್ತಿತು; ಚಳಿ ಬರುವ ಹೊತ್ತಿಗೆ ನಿಂತಿತು. ಅವನು ಮಾತ್ರ ನಿಲ್ಲಲಿಲ್ಲ. ಒಂದು ಕೋಳಿ ಕೊಯ್ದು ಆಯುಷ್ಯವಿಡೀ ಹಬ್ಬವೆಂದು ಓಡಾಡುವವನ ಹಾಗೆ, ಅದೊಂದೇ ಹಾಡನ್ನು ಹೊತ್ತು ಜಾರ್ಜಿಯಾದಿಂದ ಟೆನೆಸಿಯವರೆಗಿನ ಬಾರುಗಳಲ್ಲಿ ಮೊಣಕಾಲೂರಿ ಬಿದ್ದ. ಬಿದ್ದಾಗ ನೋಯದಿರಲೆಂದು ಪ್ಯಾಂಟಿನೊಳಗೆ ಸ್ಪಂಜು ಕಟ್ಟಿಕೊಳ್ಳುತ್ತಿದ್ದ. ಹಾಡು ಬೇಡಿದರೂ ಬೀಳುತ್ತಿದ್ದ, ಬೇಡದಿದ್ದರೂ ಬೀಳುತ್ತಿದ್ದ.

ಬಾರುಗಳೂ ಕೈಬಿಟ್ಟ ಮೇಲೆ ನಟನಾದ. ಮೂರು ಸಿನಿಮಾ, ಮೂರರಲ್ಲೂ ಗುಂಡೇಟಿಗೆ ಸಾವು. ಮೊದಲನೆಯದು ಊರಿಗೆ ಬಂದಾಗ ಅಮ್ಮ ಭಾನುವಾರದ ಟೋಪಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಗ ಎದೆ ಹಿಡಿದುಕೊಂಡು, ಗೋಡೆ ಸವರಿ, ಕಾರಿಗೆ ಒರಗಿ, ಟೋಪಿ ಸರಿಮಾಡಿಕೊಂಡು ಬಿದ್ದ. "ಗುಂಡು ಹೊಡೆದೋನೂ ಬೇಜಾರಾಗಿ ಹೋಗ್ಬಿಟ್ಟ ನೋಡು," ಎಂದು ಅಮ್ಮ ರೋಜೆಟ್ಟಾಳ ಕಿವಿಯಲ್ಲಿ ಹೇಳಿದ್ದಳು.

ಈಗ ಆ ಅಮ್ಮ ಪೆಟ್ಟಿಗೆಯಲ್ಲಿದ್ದಳು, ಅವನು ಪೆಟ್ಟಿಗೆಯ ಪಕ್ಕದಲ್ಲಿ ನೇರಳೆ ಬಣ್ಣದ ಸೂಟಿನಲ್ಲಿ.

ಮೊದಲ ಸಾಲು ಹಾಡಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಆಟ ಶುರುವಾಯಿತು. ಒಂದು ಶಬ್ದವನ್ನು ಹತ್ತು ತಿರುವು ತಿರುಗಿಸಿದ, ಕಣ್ಣು ಮುಚ್ಚಿದ, ತಲೆ ಹಿಂದಕ್ಕೆ ಎಸೆದ. ಅವನು ತಿರುಗಿದಲ್ಲೆಲ್ಲ ರೋಜೆಟ್ಟಾಳ ಬೆರಳುಗಳು ಆರ್ಗನ್ ಮೇಲೆ ಹಿಂಬಾಲಿಸಬೇಕಾಯಿತು.

ಹಿಕರಿ ಬ್ರಾಂಚಿನಲ್ಲಿ ಹಾಡು ಎದೆಗೆ ತಾಗಿದರೆ "ಹಾಡು ಮಗನೇ" ಎನ್ನುತ್ತಾರೆ. ತಾಗದಿದ್ದರೆ ಯಾರೂ ಬೈಯುವುದಿಲ್ಲ, ದೇವರ ಮನೆಯಲ್ಲಿ ಬೈಯುವಂತಿಲ್ಲ. "ಇವನ ಕೈಹಿಡಿಯಪ್ಪ, ಸ್ವಾಮಿ" ಎಂದು ನೇರವಾಗಿ ಮೇಲಕ್ಕೇ ದೂರು ಕೊಡುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಹಾಡು ಮುಗಿಸಿ ಕೂರಬೇಕೆಂದು ಅಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಅಲ್ವೆಸ್ಟರನಿಗೂ ಒಂದು ಕಾಲಕ್ಕೆ ಗೊತ್ತಿತ್ತು. ಆದರೆ ಬಾರಿನಲ್ಲಿ ಕುಡಿದವರು ಯಾವುದಕ್ಕೂ ಕೂಗುತ್ತಾರೆ. ಅಲ್ಲಿ ಕೂಗೆಲ್ಲ ಮೆಚ್ಚುಗೆಯೇ.

ಚರ್ಚಿನವರು 'ಮದರ್' ಎಂದು ಗೌರವಿಸುವ, ಬಿಳಿ ಉಡುಪಿನ ಹಿರಿಯ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡವರಾದ ಮದರ್ ಹ್ಯಾಟಿ ಬೀಸಣಿಗೆ ನಿಲ್ಲಿಸಿ ಹೇಳಿದರು:

"ಇವನ ಕೈಹಿಡಿಯಪ್ಪ, ಸ್ವಾಮಿ."

ಅಲ್ವೆಸ್ಟರನ ಮುಖ ಅರಳಿತು. ಅವರತ್ತ ಕೈಚಾಚಿ ಅದೇ ಸಾಲನ್ನು ಇನ್ನೊಮ್ಮೆ ಹಾಡಿದ.

"ಅಯ್ಯೋ, ಬೇಗ ಹಿಡಿಯಪ್ಪ," ಎಂದರು ಹಿಂದಿನ ಸಾಲಿನವರು.

ಅವನು ಮೊಣಕಾಲೂರಿ ಬಿದ್ದ. ಎಡಗಣ್ಣಿನಿಂದ ನೀರು ಹೊರಟಿತು. ಬಿಳಿ ಕೈಗವಸಿನ ಪರಿಚಾರಿಕೆಯೊಬ್ಬಳು ಅವನನ್ನು ಎಬ್ಬಿಸಿ ಕೂರಿಸಲು ಬಂದಳು. ಅಭಿಮಾನಿಯೆಂದುಕೊಂಡು ಅವಳ ಕೈಗೆ ಮುತ್ತಿಟ್ಟ. ಶವಪೆಟ್ಟಿಗೆಯ ಮೇಲಿನ ಹೂಗಳತ್ತ ಅವನ ಇನ್ನೊಂದು ಕೈ ಚಾಚುವುದು ರೋಜೆಟ್ಟಾಗೆ ಕಂಡಿತು. ಇನ್ನು ಉಳಿದದ್ದು ಪೆಟ್ಟಿಗೆಯ ಮೇಲೆ ಬೀಳುವುದೊಂದೇ.

ಅವಳು ಆರ್ಗನ್ನಿನಿಂದ ಕೈ ತೆಗೆದಳು.

ಸದ್ದು ಕಳಚಿ ಬಿತ್ತು. ಆ ನಿಶ್ಶಬ್ದದಲ್ಲಿ ಅವಳು ಎದ್ದು ನಿಂತು, ರಾಗವಿಲ್ಲದೆ, ಅಜ್ಜಿ ಹೇಳಿಕೊಡುತ್ತಿದ್ದಂತೆ ಮುಂದಿನ ಸಾಲನ್ನು ಹೇಳಿಕೊಟ್ಟಳು. ಇಡೀ ಚರ್ಚು ಅದನ್ನು ಎತ್ತಿಕೊಂಡಿತು. ಎಳೆದು ಎಳೆದು ಹಾಡುವ ಅಷ್ಟು ಕಂಠಗಳ ಅಡಿಯಲ್ಲಿ ಅಲ್ವೆಸ್ಟರನ ತಿರುವುಗಳಿಗೆ ಜಾಗವಿರಲಿಲ್ಲ. ಹೂಗಳತ್ತ ಚಾಚಿದ್ದ ಕೈ ಕೆಳಗಿಳಿಯಿತು. ಆಮೇಲೆ ಎಲ್ಲರ ಜೊತೆ ಹಾಡತೊಡಗಿದ. ರೋಜೆಟ್ಟಾಗೆ ಆ ದನಿ ಕೇಳಿಸಿತು, ಸಪಾಟಾಗಿ, ಬಟ್ಟೆ ಒಗೆಯುವಾಗಿನ ಅಮ್ಮನ ದನಿಯ ಹಾಗೆ. ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಆ ಒಂದು ಚರಣದ ಮಟ್ಟಿಗೆ ಅವನು ಯಾರಿಗೂ ಕಾಣಿಸಲಿಲ್ಲ. ಅದಕ್ಕೇ ಚೆನ್ನಾಗಿ ಹಾಡಿದ.

ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಅವನು ಹುರಿದ ಕೋಳಿಯ ತೊಡೆ ಹಿಡಿದು ಹೇಳಿದ: "ನೋಡಿದ್ಯಾ ಅಕ್ಕ? ಇಡೀ ಚರ್ಚು ತಡ್ಕೊಳ್ಳೋಕಾಗ್ದೆ ನನ್ ಜೊತೆ ಹಾಡ್ತು. ಮದರ್ ಹ್ಯಾಟಿಯಂತೂ ದೇವರನ್ನ ಕೂಗಿದ್ದೇ ಕೂಗಿದ್ದು."

"ಕೂಗ್ದೆ ಇನ್ನೇನ್ ಮಾಡ್ಲಪ್ಪ," ಎಂದರು ಮದರ್ ಹ್ಯಾಟಿ, ಸೊಪ್ಪಿನ ಪಲ್ಯ ಬಡಿಸಿಕೊಳ್ಳುತ್ತ. "ಆಯಪ್ಪಂಗೂ ವಯಸ್ಸಾಯ್ತು, ಕಿವಿ ಮಂದ."

ಅವನು ಅದಕ್ಕೂ ನಕ್ಕು ತಲೆಬಾಗಿ ವಂದಿಸಿದ.

ಮತ್ತೆ ಲಾಸ್ ಏಂಜಲೀಸಿಗೆ ಹೋಗಲಿಲ್ಲ. ಅಲ್ಲಿಂದ ಯಾರೂ ಕರೆಯಲೂ ಇಲ್ಲ. ಊರಲ್ಲೇ ಒಂದು ಪೀಠೋಪಕರಣದ ಅಂಗಡಿಯ ಜಾಹೀರಾತಿನಲ್ಲಿ ಸೋಫಾದ ಮೇಲೆ ಬೀಳುವ ಕೆಲಸ ಸಿಕ್ಕಿತು. ಅದರಲ್ಲೂ ಒಮ್ಮೆಗೇ ಬೀಳುತ್ತಿರಲಿಲ್ಲ. ಬರಬರುತ್ತ ಊರಿನ ರೇಡಿಯೊದವರು ಅವನನ್ನು ಹಳೆಯ ಕಲಾವಿದನೆಂದು ಕರೆಸಿ ಮಾತಾಡಿಸಿದರು. ರೋಜೆಟ್ಟಾ ಇಸ್ತ್ರಿ ಮಾಡುತ್ತ ಕೇಳುತ್ತಿದ್ದಳು. ತಾಯಿಯ ಅಂತ್ಯಕ್ರಿಯೆಯಲ್ಲಿ ಹಾಡಿದ ದಿನವನ್ನು ಅವನೇ ಎತ್ತಿದ. ನೆಲಮಾಳಿಗೆಯ ಕುರ್ಚಿಗಳನ್ನೆಲ್ಲ ಮೇಲೆ ತಂದರೂ ಹಿಕರಿ ಬ್ರಾಂಚಿನಲ್ಲಿ ನೂರಹತ್ತು ಜನಕ್ಕಿಂತ ಹೆಚ್ಚು ಕೂರಲಾಗದು. ಅವತ್ತು ಎಷ್ಟು ಜನ ಅತ್ತಿರಬಹುದೆಂದು ರೇಡಿಯೊದವನು ಕೇಳಿದ. ಅಲ್ವೆಸ್ಟರ್ ನೆನಪು ಮಾಡಿಕೊಳ್ಳುವವನಂತೆ ಕೊಂಚ ತಡೆದ.

"ನಮ್ಮಕ್ಕ ಒಬ್ಬಳನ್ನ ಬಿಟ್ಟು ಎಲ್ರೂ," ಎಂದ. "ಆರುನೂರ ನಲವತ್ತು."