ಸೌತೆಕಾಯಿಯ ಟಿಕಳಿ

ಬಾಗಿಲು ತೆರೆದವರ ಹಣೆಯ ನಡುವೆ ಸೌತೆಕಾಯಿಯ ತುದಿ ಅಂಟಿಕೊಂಡಿತ್ತು. ಗಟ್ಟಿ ಹಸಿರಿನ ಆ ಪುಟ್ಟ ಮುಚ್ಚಳದ ಕೆಳಗಿಂದ ಉಪ್ಪುನೀರಿನ ಹನಿಯೊಂದು ಮೂಗಿನ ಪಕ್ಕಕ್ಕೆ ಇಳಿಯುತ್ತಿತ್ತು. ಇಳಕಲ್ ಸೀರೆ, ಅದರ ಮೇಲೆ ಮಗನ ಆಫೀಸಿನವರು ಕೊಟ್ಟ ಟೋಪಿ ಜಾಕೆಟ್ಟು, ತಲೆಯ ಮೇಲೆ ಏರಿಸಿಟ್ಟ ಕನ್ನಡಕ. ಹಣೆಯ ಮೇಲೆ ಏನೂ ಇಲ್ಲವೆಂಬಷ್ಟು ಗಂಭೀರವಾಗಿ, "ಬರ್ರಿ ಬೀಗರ, ಒಳಗ ಬರ್ರಿ" ಅಂದರು.

"ಇದೇನ್ರೀ ಹಣೆ ಮೇಲೆ?" ಅಂದೆ.

"ಟಿಕಳಿರಿ. ಕೂಸು ಹಚ್ಚೇದ. ತಾನಾಗಿ ಬೀಳೂತನಕ ತಗಿಯೂಹಂಗಿಲ್ಲ."

ಟಿಕಳಿ ಅಂದರೆ ನಮ್ಮ ಕಡೆಯ ಬೊಟ್ಟು. ಅವರು ಗಂಡ ತೀರಿಕೊಂಡ ಮೇಲೆ ಹಣೆಗೆ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ಇಟ್ಟುಕೊಂಡರೆ ತಪ್ಪೇನು ಎಂದು ನನ್ನ ಮಗಳು ಎಷ್ಟೋ ಸಲ ಹೇಳಿ ನೋಡಿದ್ದಳು, ಅವರು ನಕ್ಕು ಮಾತು ಬದಲಿಸುತ್ತಿದ್ದರು. ಮೊಮ್ಮಗಳು ಮಾತ್ರ ಯಾರನ್ನೂ ಕೇಳದೆ ಹಚ್ಚಿಬಿಟ್ಟಿದ್ದಳು.

ಅವರು ನನ್ನ ಅಳಿಯನ ತಾಯಿ, ನನ್ನ ಬೀಗಿತ್ತಿ. ವಿಜಯಪುರದವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ ಮಗನ ಜೊತೆ ಇರಲು ಅಮೆರಿಕದ ಮಿಲ್ಪಿಟಾಸಿಗೆ ಬಂದಿದ್ದರು. ನಾನು ಮೈಸೂರಿನವಳು. ಮದುವೆಯಾದ ಹೊಸತರಲ್ಲೇ ಇಲ್ಲಿಗೆ ಬಂದು, ಕಂಪ್ಯೂಟರ್ ಚಿಪ್ಪುಗಳನ್ನು ಪರೀಕ್ಷಿಸುವ ಕೆಲಸ ಮಾಡಿ ರಿಟೈರಾಗಿ, ಅಲ್ಲಿಂದ ಸ್ವಲ್ಪ ದೂರದ ಬಡಾವಣೆಯಾದ ಎವರ್‌ಗ್ರೀನಿನ ಗುಡ್ಡದ ಮೇಲೆ ಗಂಡನ ಜೊತೆ ಇದ್ದೇನೆ. ಮಗಳನ್ನು ಹೆತ್ತವಳು ನಾನು, ಅವಳ ಬಾಣಂತನ ಮಾಡಿದವಳು ನಾನು, ಮೊಮ್ಮಗಳಿಗೆ ಮೊದಲ ಸ್ನಾನ ಮಾಡಿಸಿದವಳೂ ನಾನೇ. ಆದರೆ ಮಗು ವಾರವಿಡೀ ಇರುತ್ತಿದ್ದದ್ದು ಅವರ ಮಡಿಲಲ್ಲಿ. ನನ್ನ ಪಾಲಿಗೆ ಶನಿವಾರ. ಹೀಗಾಗಿ ಅವರು ಬರೀ "ಅಜ್ಜಿ", ನಾನು "ಎವರ್‌ಗ್ರೀನ್ ಅಜ್ಜಿ". ಬಸ್ಸಿಗೆ ಬೋರ್ಡು ತಗುಲಿಸಿದ ಹಾಗೆ.

ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಚೆಂದದ ಹೆಸರು ಹುಡುಕುವುದಿಲ್ಲ. ಆ ಬೋರ್ಡು ಕಳಚಿ ನನ್ನನ್ನೂ ಒಮ್ಮೆ ಮಗು ಬರೀ ಅಜ್ಜಿ ಅನ್ನಬೇಕು ಅಂತ ಒಳಗೊಳಗೇ ಕುದಿಯುತ್ತಿದ್ದೆ. ಅವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಮಾತಿನಲ್ಲಿ ಕೊಂಕಿಲ್ಲ, ಸೊಸೆಯ ಮೇಲೆ ಜೋರಿಲ್ಲ, ಇಂಗ್ಲಿಷು ನನಗಿಂತ ಚೊಕ್ಕ. ನಮ್ಮವರಂತೂ ಅವರ ಜೋಳದ ರೊಟ್ಟಿ ತಿಂದು ಬಂದ ದಿನ ನನ್ನ ಚಪಾತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಮಗುವಿಗೆ ರೊಟ್ಟಿಯಾಗಲಿ ಅನ್ನವಾಗಲಿ, ತಟ್ಟೆಯಲ್ಲಿ ಸೌತೆಕಾಯಿ ಇರಲೇಬೇಕು. ಅದು ಅವರು ಕಲಿಸಿದ ಚಾಳಿ. ಅವರ ಊಟವೇ ಹಾಗೆ, ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಗಜ್ಜರಿ, ಮೂಲಂಗಿ, ಸೌತೆಕಾಯಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಮಗುವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಸೌತೆಕಾಯಿಯ ತುದಿ ಕೊಯ್ದು, ಕೊಯ್ದ ಜಾಗಕ್ಕೆ ಉಪ್ಪು ಹಚ್ಚಿ, ತುದಿಯಿಂದಲೇ ಗುಂಡಗೆ ತಿಕ್ಕುತ್ತಿದ್ದರು. ಬಿಳಿ ನೊರೆ ಬರುವವರೆಗೂ ತಿಕ್ಕಾಟ. ಆಮೇಲೆ ಇನ್ನೊಂದು ತುದಿಗೂ ಅದೇ ಉಪಚಾರ.

"ಇಲ್ಲಿ ಸೌತೆಕಾಯಿ ಕಹಿ ಇರಲ್ಲ ಕಣ್ರೀ. ಸುಮ್ನೆ ಯಾಕೆ ಕೈ ನೋಯಿಸ್ಕೋತೀರಾ" ಅಂದಿದ್ದೆ ಒಂದು ದಿನ.

"ಗೊತ್ತದರಿ. ಆದ್ರ ತಿಕ್ಕಲಾರದ ಕೊಟ್ರ ಇಕಿಗೆ ರುಚಿ ಹತ್ತೂದಿಲ್ಲ."

ತಿಕ್ಕಿ ಮುಗಿದ ಮೇಲೆ ಮಗು ಒಂದು ತುದಿಯನ್ನು ತನ್ನ ಹಣೆಗೆ ಅಂಟಿಸಿಕೊಳ್ಳುತ್ತಿತ್ತು, ಇನ್ನೊಂದನ್ನು ಅಜ್ಜಿಯ ಹಣೆಗೆ. ಸೌತೆಕಾಯಿಗೆ ತುದಿ ಎರಡೇ. ಶನಿವಾರ ನಾನು ಎದುರಿಗೆ ಕೂತಿದ್ದರೂ ನನ್ನ ಹಣೆಗೆ ಏನೂ ಉಳಿಯುತ್ತಿರಲಿಲ್ಲ.

ಮೊಮ್ಮಗಳಿಗೆ ನಾಲ್ಕು ತುಂಬಿದ ಚಳಿಗಾಲದಲ್ಲಿ ಸೌತೆಕಾಯಿ ಮಾಯವಾಯಿತು. ಚಳಿಗಾಲದಲ್ಲಿ ನಮಗೆ ಅದು ಬರುವುದು ಮೆಕ್ಸಿಕೋದಿಂದ. ಅಲ್ಲಿ ಹಿಮ ಬಿದ್ದು ಹೊಲಗಳು ಕೆಟ್ಟವಂತೆ. ಅಂಗಡಿಗಳಲ್ಲಿ ಮೊದಲು ತಲೆಗೆ ಇಷ್ಟೇ ಎಂಬ ಚೀಟಿ ಕಂಡಿತು, ಆಮೇಲೆ ಆ ಚೀಟಿಯೊಂದೇ ಉಳಿಯಿತು. ಟೊಮೇಟೊ ಬಂದರೆ ಬಣ್ಣವಿಲ್ಲ, ದೊಣ್ಣೆಮೆಣಸಿನಕಾಯಿ ಬಂದರೆ ಸುಕ್ಕು. ಫೋನಿನ ಗುಂಪಿನಲ್ಲಿ ಯಾರಾದರೂ "ಇಂಥ ಅಂಗಡಿಗೆ ಸೌತೆಕಾಯಿ ಬಂದಿದೆ" ಅಂತ ಹಾಕಿದರೆ ನಾವು ಹೋಗುವಷ್ಟರಲ್ಲಿ ಖಾಲಿ ಬುಟ್ಟಿ. ನನ್ನ ಗೆಳತಿಯೊಬ್ಬಳು ಕೋಸಂಬರಿಗೆ ಸೀಮೆಬದನೆ ತುರಿದು ಹಾಕಿದಳು, ಇನ್ನೊಬ್ಬಳು ಸ್ಯಾಂಡ್‌ವಿಚ್ಚಿಗೆ ಎಲೆಕೋಸು ತುಂಬಿದಳು. ಹೊಂದಿಕೊಳ್ಳುವುದಕ್ಕೆ ದೊಡ್ಡವರಿಗೇನು ಕಷ್ಟ?

ಮಗು ತಟ್ಟೆ ತಳ್ಳುತ್ತಿದೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ಮರುಕಕ್ಕಿಂತ ಮೊದಲು ಆಸೆ ಹುಟ್ಟಿತು. ಬೀಗಿತ್ತಿಗೆ ಕಾರು ಓಡಿಸಲು ಬರುವುದಿಲ್ಲ, ನನಗೆ ಬರುತ್ತದೆ. ಈ ಕಣಿವೆಯಲ್ಲಿ ಎಲ್ಲೇ ಒಂದು ಸೌತೆಕಾಯಿ ಇದ್ದರೂ ಅದನ್ನು ಮಗುವಿನ ಕೈಗೆ ಕೊಡುವವಳು ನಾನೇ ಆಗಬೇಕು. ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ಲಾಸ್ ಆಲ್ಟೋಸಿನಲ್ಲಿ, ತರಕಾರಿಯನ್ನು ಒಡವೆಯ ಹಾಗೆ ಜೋಡಿಸಿಡುವ ಅಂಗಡಿಯೊಂದರಲ್ಲಿ, ಪ್ಲಾಸ್ಟಿಕ್ಕು ಸುತ್ತಿದ ಉದ್ದನೆಯ ಸೌತೆಕಾಯಿಗಳು ಎರಡು ಸಿಕ್ಕವು. ಅವನ್ನು ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮನೆಗೆ ತಂದೆ.

ನಾನು ಏನೇ ಮಾಡಿದರೂ ಅಚ್ಚುಕಟ್ಟು. ಶನಿವಾರ ಬೆಳಿಗ್ಗೆ ಎರಡನ್ನೂ ತೊಳೆದು, ಸಿಪ್ಪೆ ಹೆರೆದು, ಒಂದೇ ಅಳತೆಯ ಬಿಲ್ಲೆಗಳಾಗಿ ಹೆಚ್ಚಿ, ಮಗುವಿಗೆ ಇಷ್ಟವಾದ ಹಳದಿ ಡಬ್ಬಿಯಲ್ಲಿ ಜೋಡಿಸಿದೆ. ಕೆಳಗೆ ಐಸು ಇಟ್ಟೆ. ನಮ್ಮವರು ನೋಡಿ, "ಮದುವೆ ತಟ್ಟೆ ಜೋಡಿಸ್ದಂಗಿದೆ" ಅಂದರು. ಫ್ರೀವೇಯಲ್ಲಿ ಹೋಗುವಾಗ ಮಳೆಗೆ ಹಸಿರಾದ ಗುಡ್ಡಗಳನ್ನು ನೋಡಿಕೊಂಡು ಹಾಡು ಗುನುಗುತ್ತಿದ್ದೆ.

ಡಬ್ಬಿ ತೆರೆದ ಮಗು ಮೊದಲು ಕುಣಿಯಿತು. ಆಮೇಲೆ ಬಿಲ್ಲೆಗಳನ್ನು ಒಂದೊಂದಾಗಿ ಸರಿಸಿ ತಳದವರೆಗೂ ಹುಡುಕಿತು.

"ವೇರ್ ಈಸ್ ಟಿಕಳಿ?"

ತುದಿಗಳು ನನ್ನ ಮನೆಯ ಕಸದ ತೊಟ್ಟಿಯಲ್ಲಿದ್ದವು. ಹೆಚ್ಚುವಾಗ ಮೊದಲು ಎಸೆದದ್ದೇ ಅವನ್ನು.

"ಇದನ್ನೇ ಹಚ್ಕೋ ಪುಟ್ಟಾ" ಅಂತ ಒಂದು ಬಿಲ್ಲೆ ಕೊಟ್ಟೆ. "ದಟ್ಸ್ ನಾಟ್ ಟಿಕಳಿ, ಎವರ್‌ಗ್ರೀನ್ ಅಜ್ಜಿ" ಅಂದವಳೇ ಓಡಿಹೋಗಿ ಬೀಗಿತ್ತಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವರ ಸೊಂಟವನ್ನು ಬಳಸಿದ್ದ ಆ ಪುಟ್ಟ ಕೈಗಳನ್ನು ನೋಡುತ್ತಾ ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವರ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅವರು ಆ ದಿನ ಏನೂ ಮಾಡಿರಲಿಲ್ಲ, ನಿಂತಿದ್ದರು ಅಷ್ಟೇ.

ಬೀಗಿತ್ತಿ ಮಗುವಿನ ಬೆನ್ನು ಸವರಿದರು. "ಅಳಬ್ಯಾಡ. ಟಿಕಳಿ ಇವತ್ತ ಎವರ್‌ಗ್ರೀನ್‌ದಾಗ ಉಳದಾವ. ನೀ ಅಲ್ಲೇ ಹೋಗಿ ಹಚ್ಕೋಬೇಕು. ಈ ರಾತ್ರಿ ಅಲ್ಲೇ ಮಲಗಿ ಬಾ."

ಮಗು ಅಲ್ಲಿಯವರೆಗೆ ಅವರನ್ನು ಬಿಟ್ಟು ಒಂದು ರಾತ್ರಿಯೂ ಮಲಗಿರಲಿಲ್ಲ. ನಾನು ಕರೆದಾಗಲೆಲ್ಲ ತಲೆ ಅಲ್ಲಾಡಿಸಿದ್ದವಳು ಅವರು ಹೇಳಿದ ಕೂಡಲೇ ಬೂಟು ಹಾಕಿಕೊಂಡಳು. ಮನೆಯಲ್ಲಿ ಟಿಕಳಿ ಎಲ್ಲಿಂದ ತರಲಿ ಎಂದು ಯೋಚಿಸುತ್ತಲೇ ಕಾರಿನ ಬಾಗಿಲು ತೆರೆದೆ. ಕಾರಿನ ಹತ್ತಿರ ಬಂದ ಬೀಗಿತ್ತಿ ಮಗುವಿನ ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿದರು.

"ಒಳಗ ಬ್ರೊಕೊಲಿ ದಂಟ ಇಟ್ಟೀನ್ರಿ. ಸಿಪ್ಪಿ ದಪ್ಪಗ ತಗೀರಿ, ಒಳಗ ಎಳೇ ಸೌತಿಕಾಯಿಗತೆ ಇರ್ತದ. ತುದಿ ನೀವು ಕೊಯ್ಯಬ್ಯಾಡ್ರಿ, ಅಕಿ ಮುಂದ ಕೊಯ್ರಿ. ಜಿಗಿ ಇರೂದಿಲ್ಲ ಅದಕ್ಕ, ನಿಂಬಿಹುಳಿ, ಉಪ್ಪು ಹಚ್ಚಿ ತಿಕ್ರಿ. ಅಂಟತದ."

ಹೂವನ್ನು ಪಲ್ಯಕ್ಕೆ ಹಾಕಿ ನಾವೆಲ್ಲ ಎಸೆಯುವ ದಂಟು. ಸೌತೆಕಾಯಿ ಸಿಗದ ಮೇಲೆ ಅವರು ಮೂಲಂಗಿ, ನವಿಲುಕೋಸು ಎಲ್ಲ ಪ್ರಯತ್ನಿಸಿ, ಮಗು ಎಲ್ಲವನ್ನೂ ತಳ್ಳಿ, ಹಿಂದಿನ ದಿನವಷ್ಟೇ ಈ ದಂಟನ್ನು ತಾವು ತಿಂದು ನೋಡಿದ್ದರಂತೆ. ಮಗುವಿಗೆ ಇನ್ನೂ ಕೊಟ್ಟಿರಲಿಲ್ಲ. ಮೊದಲ ಸಲ ಕೊಡುವುದನ್ನು ನನಗೆ ಬಿಟ್ಟಿದ್ದರು.

ಎವರ್‌ಗ್ರೀನಿನ ಅಡುಗೆಮನೆಯ ಕಟ್ಟೆಯ ಮೇಲೆ ಮಗುವನ್ನು ಕೂರಿಸಿಕೊಂಡು ಸಿಪ್ಪೆ ತೆಗೆದೆ, ಅವಳೆದುರಿಗೇ ತುದಿ ಕೊಯ್ದೆ, ತಿಕ್ಕಿದೆ. ನೊರೆಯೇನೂ ಬರಲಿಲ್ಲ, ಆದರೂ ಮಗು ಬಾಯಿ ತೆರೆದುಕೊಂಡು ನೋಡಿತು. ಕಚ್ಚಿ ನೋಡಿ ಕಣ್ಣರಳಿಸಿತು. ಒಂದು ತುದಿ ತನ್ನ ಹಣೆಗೆ ಹಚ್ಚಿಕೊಂಡು, ಇನ್ನೊಂದನ್ನು ಹಿಡಿದು ಸುತ್ತಮುತ್ತ ನೋಡಿತು. ಅಲ್ಲಿ ನಾನೊಬ್ಬಳೇ ಇದ್ದೆ. ತಣ್ಣಗೆ, ಹುಳಿ ವಾಸನೆಯ ಆ ಚೂರು ನನ್ನ ಹಣೆಗೆ ಬಂತು. ಎಷ್ಟು ಸಂತೋಷವಾಯಿತೆಂದರೆ ತಲೆ ಅಲ್ಲಾಡಿಸಲೂ ಹೆದರಿಕೆ. ಅಷ್ಟರಲ್ಲಿ ಬೀಗಿತ್ತಿಯ ವೀಡಿಯೊ ಕಾಲು. ನನ್ನ ಹಣೆ ನೋಡಿದವರೇ, "ತಗೀಬ್ಯಾಡ್ರಿ ಮತ್ತ" ಅಂದರು. ನನ್ನ ಹಣೆಗೆ ಬಂದ ಮೊದಲ ಟಿಕಳಿಯೂ ಅವರ ಚೀಲದಿಂದ ಬಂದದ್ದು ಎಂಬುದು ಆ ನಗುಮುಖ ಕಂಡಾಗ ನೆನಪಾಯಿತು. ಉಪಕಾರ ಪಡೆದೂ ಹೊಟ್ಟೆ ಉರಿಯಬಹುದು ಎಂದು ಅವತ್ತು ತಿಳಿಯಿತು.

ಆ ಹಟಕ್ಕೇ ವಸಂತದಲ್ಲಿ ಹಿತ್ತಲಿನಲ್ಲಿ ಸೌತೆಬಳ್ಳಿ ಹಬ್ಬಿಸಿದೆ. ಬೇಸಿಗೆಯ ಸುಡುಬಿಸಿಲಿನಲ್ಲಿ ಬುಟ್ಟಿ ತುಂಬ ಕಾಯಿ ಕೊಯ್ದು, ತುದಿ ಸಮೇತ ಮಿಲ್ಪಿಟಾಸಿಗೆ ಒಯ್ದೆ. ಬೀಗಿತ್ತಿ ಒಂದನ್ನು ಕೊಯ್ದು ಚೂರು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದರು. ನಾನು ಬುಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ಮಾತ್ರ ಹಿಗ್ಗಿಹೋದರು.

"ಕಹಿ ಅದರಿ! ಖರೇನ ಕಹಿ! ಅಮೆರಿಕಾಕ್ಕ ಬಂದು ಕಡೀಕೂ ಒಂದು ಕಹಿ ಸೌತಿಕಾಯಿ ನೋಡಿದೆ. ಎಷ್ಟು ಚಂದ ಬೆಳದೀರಿ, ಬೀಗರ."

ಮಗುವನ್ನು ಕರೆದು, ತಿಕ್ಕುವುದು ಯಾತಕ್ಕೆ ಎಂದು ಮೊದಲ ಸಲ ಕಾರಣ ಸಮೇತ ತೋರಿಸಿಕೊಟ್ಟರು. ನೊರೆ ಉಕ್ಕಿ ಬೆರಳುಗಳ ನಡುವೆ ಇಳಿಯಿತು. ನನ್ನ ಕಾಯಿ ಕಹಿಯಾಗಿದ್ದರಲ್ಲೂ ಗೆದ್ದವರು ಅವರೇ.

ಬಳ್ಳಿ ಒಣಗುವ ಮೊದಲೇ ಅವರು ಹೋದರು. ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದುಕೊಂಡ ಹಾಗೆ ಆಗುತ್ತದೆ ಅಂದರಂತೆ. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಣೆ ಖಾಲಿಯಿತ್ತು.

ಆಮೇಲಿಂದ ನಾನು ದಿನವೂ ಮಿಲ್ಪಿಟಾಸಿಗೆ ಹೋಗುತ್ತೇನೆ. ಶಾಲೆಯಿಂದ ಮಗುವನ್ನು ಕರೆತರುವವಳು ನಾನು, ಊಟ ಹಾಕುವವಳು ನಾನು. ಅಡುಗೆಮನೆಯ ಪಕ್ಕದ ಗೂಡಿನಲ್ಲಿ ಅವರ ಫೋಟೋ ಇದೆ, ಅದಕ್ಕೊಂದು ಗಂಧದ ಹಾರ. ಈ ಜನವರಿಯಲ್ಲಿ ಅಂಗಡಿಯ ಸೌತೆಕಾಯಿ ಬುಟ್ಟಿ ಮತ್ತೆ ಖಾಲಿಯಾಯಿತು. ನಾನು ಬ್ರೊಕೊಲಿಯ ದಂಟು ತಂದು, ದಪ್ಪಗೆ ಸಿಪ್ಪೆ ತೆಗೆದು, ಮಗುವಿನ ಎದುರಿಗೆ ತುದಿ ಕೊಯ್ದು ತಿಕ್ಕಿ, ಎರಡನ್ನೂ ಅವಳ ಅಂಗೈಯಲ್ಲಿಟ್ಟು ಬಿಲ್ಲೆ ಹೆಚ್ಚಲು ತಿರುಗಿದೆ.

"ಅಜ್ಜಿ" ಅಂದಳು ಹಿಂದಿನಿಂದ. ಬೋರ್ಡಿಲ್ಲದ, ಬರೀ ಅಜ್ಜಿ.

"ಏನು ಕಂದಾ?" ಅಂತ ಚಾಕು ಕೆಳಗಿಟ್ಟು ತಿರುಗಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಫೋಟೋದ ಗಾಜಿಗೆ ತುದಿಯನ್ನು ಒತ್ತಿ ಹಿಡಿದಿದ್ದಳು. ಅಂಟಿದ್ದು ಖಾತ್ರಿಯಾದ ಮೇಲೆ ಇನ್ನೊಂದನ್ನು ತನ್ನ ಹಣೆಗೆ ಹಚ್ಚಿಕೊಂಡು, ತಟ್ಟೆ ಎತ್ತಿಕೊಂಡು ಟೇಬಲ್ಲಿಗೆ ಹೋದಳು. ಸತ್ತವರ ಮೇಲೂ ಹೊಟ್ಟೆಕಿಚ್ಚು ಬರುತ್ತದೆ. ನನಗೆ ಬಂತು, ಅಲ್ಲೇ, ಸಿಂಕಿನ ಪಕ್ಕದಲ್ಲಿ ನಿಂತಾಗ.

ದಂಟಿನ ತುದಿಗೆ ಜಿಗಿ ಸಾಲದು. ಮಗು ಊಟ ಮುಗಿಸಿ ಆಡಲು ಹೋದ ಮೇಲೆ ಅದು ಗಾಜಿನ ಮೇಲೆ ಜಾರಿ ಗೂಡಿನೊಳಗೆ ಬಿತ್ತು. ಕಸದ ತೊಟ್ಟಿ ಕಾಲ ಬಳಿಯೇ ಇತ್ತು, ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎತ್ತಿಕೊಂಡೆ. ಹೋಳಿನಲ್ಲಿ ಉಳಿದಿದ್ದ ನಿಂಬೆರಸ ಹಿಂಡಿ, ಉಪ್ಪು ಹಚ್ಚಿ, ಇನ್ನೊಮ್ಮೆ ತಿಕ್ಕಿದೆ. ಹಾರವನ್ನು ಸ್ವಲ್ಪ ಸರಿಸಿ, ಅವರ ಹಣೆಯ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದೆ.

ಕೂಸು ಹಚ್ಚಿದ್ದು ತಾನಾಗಿ ಬಿದ್ದಿತ್ತು. ಇದು ನಾನು ಹಚ್ಚಿದ್ದು.