ಇಪ್ಪತ್ತೆರಡು ಇಂಚು

ಅಪ್ಪನ ವ್ಯಾನಿನ ಒಳಗಿನ ಅಗಲ ಐದೂವರೆ ಅಡಿ. ಟೇಪು ಹಿಡಿದು ಅಳೆದವಳು ನಾನೇ. ಇನ್ನೊಂದು ತುದಿಯನ್ನು ತಂಗಿ ಹಿಡಿದಿದ್ದಳು. ನಾನಾಗ ಮೊದಲ ಪಿಯುಸಿ ಪರೀಕ್ಷೆ ಬರೆದು ಮುಗಿಸಿದ್ದೆ, ಅವಳಿಗೆ ಒಂಬತ್ತು ವರ್ಷ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ಅಪ್ಪ ಸಿ.ವಿ. ರಾಮನ್ ನಗರದ ಕಡೆಯ ಮಕ್ಕಳನ್ನು ಇಂದಿರಾನಗರದ ಶಾಲೆಗೆ ಬಿಟ್ಟು ಕರೆತರುವ ಕೆಲಸ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ವ್ಯಾನು ಹಲಸೂರಿನ ನಮ್ಮ ಮನೆಯ ಮುಂದೆ ಸುಮ್ಮನೆ ನಿಂತಿರುತ್ತಿತ್ತು. ಆ ವರ್ಷ ಕೆರೆಯ ಪಕ್ಕದ ರಸ್ತೆಯಲ್ಲಿ ವಿದೇಶದ ಗಂಡ ಹೆಂಡತಿ ತಮ್ಮ ದೊಡ್ಡ ಗಾಡಿ ನಿಲ್ಲಿಸಿಕೊಂಡು ಎರಡು ದಿನ ಇದ್ದರು. ಯಾರ ಜೊತೆಗೂ ಮಾತು ಬೆಳೆಸಬಲ್ಲ ಅಪ್ಪ ಹೋಗಿ ಒಳಗೆಲ್ಲ ನೋಡಿ ಬಂದರು.

"ಮನೇನೇ ಎಳ್ಕೊಂಡು ಬಂದಿದ್ದಾರೆ ಕಣೇ," ಎಂದು ಅಮ್ಮನಿಗೆ ಹೇಳಿದರು. "ಒಲೆ, ಮಂಚ, ಕೈ ತೊಳೆಯೋಕೆ ನಲ್ಲಿ, ಎಲ್ಲಾ ಇದೆ."

"ಗುಡಿಸೋಕೆ ಹೆಂಡ್ತೀನೂ ಇದ್ದಾಳಲ್ಲ," ಎಂದರು ಅಮ್ಮ.

ಆದರೆ ಅಪ್ಪನ ತಲೆಗೆ ಅದು ಹೊಕ್ಕಾಗಿತ್ತು. ವ್ಯಾನಿನ ಸೀಟುಗಳನ್ನು ಬಿಚ್ಚಿಟ್ಟು, ಬೇಸಿಗೆಗೆ ಮಾತ್ರ ಅದನ್ನು ಮನೆ ಮಾಡುವುದು. ಲಾಡ್ಜು ಬೇಡ, ಹೋಟೆಲು ಬೇಡ, ಬೆಟ್ಟ ಹತ್ತಿ ಬರುವುದು. ಮೋಟರ್‌ಹೋಮ್ ಎಂಬ ಪದ ನಮಗೆ ಗೊತ್ತಿರಲಿಲ್ಲ. ಅಪ್ಪ ಮನೆವ್ಯಾನು ಎನ್ನುತ್ತಿದ್ದರು.

ಎಲ್ಲಿಗೆ ಎಂಬುದನ್ನು ನಿರ್ಧರಿಸಿದ್ದು ಅಜ್ಜಿ, ಅಪ್ಪನ ತಾಯಿ. ಊಟಿಯೋ ಮುನ್ನಾರೋ ಎಂಬ ಚರ್ಚೆ ನಡೆಯುವಾಗ ನಾನು ಫುಟ್‌ಪಾತಿನಲ್ಲಿ ಕೊಂಡಿದ್ದ ಹಳೆಯ ಇಂಗ್ಲಿಷ್ ಪ್ರವಾಸಿ ಪುಸ್ತಕವನ್ನು ಕನ್ನಡದಲ್ಲಿ ಹೇಳಿಕೊಂಡು ಓದುತ್ತಿದ್ದೆ. ಮುನ್ನಾರಿನ ಹತ್ತಿರದ ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಆಡುಗಳಿವೆ, ಬಂಡೆಗಳ ಮೇಲೆ ಇರುತ್ತವೆ, ಜನ ಬಂದರೆ ಹೆದರಿ ಓಡುವುದಿಲ್ಲ, ದಾರಿಯ ಪಕ್ಕಕ್ಕೇ ಬರುತ್ತವೆ. ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿದರು.

"ಯಾರ ಆಡು ಅವು?"

"ಯಾರದೂ ಅಲ್ಲ ಅಜ್ಜಿ. ಕಾಡಿನವು."

"ಯಾರೂ ಕಟ್ಟಾಕಲ್ವಾ?"

ಕೆ.ಆರ್. ಪುರದ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಆಡು ಸಾಕಿದವರು. ಹೊಲಗಳು ಸೈಟುಗಳಾದ ಮೇಲೆ ಮೇಯಿಸಲು ಜಾಗವಿಲ್ಲದೆ ಅವನ್ನು ಕೊಟ್ಟುಬಿಟ್ಟು ನಮ್ಮ ಜೊತೆ ಇರಲು ಬಂದಿದ್ದರು. ಮರಿ ಹಾಕುವ ಕಾಲದಲ್ಲಿ ಆ ಉದ್ಯಾನವನ್ನು ಮುಚ್ಚಿರುತ್ತಾರೆ, ಏಪ್ರಿಲ್ ಹೊತ್ತಿಗೆ ತೆರೆಯುತ್ತಾರೆ ಎಂದು ನಾನು ಓದಿದಾಗ ಅಜ್ಜಿಗೆ ಬಹಳ ಮೆಚ್ಚುಗೆಯಾಯಿತು. "ಬಾಣಂತಿಗೆ ಬಾಗ್ಲು ಹಾಕ್ತಾರಾ! ಒಳ್ಳೆ ಜನ ಕಣಮ್ಮಣ್ಣಿ," ಎಂದರು. "ಅಲ್ಲಿಗೇ ಹೋಗಾಣ." ಅಜ್ಜಿ ತಮಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಊಟಿಯ ಮಾತು ಅಲ್ಲಿಗೆ ಮುಗಿಯಿತು.

ಯೋಜನೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ನನಗೆ ಅದು ಇಷ್ಟವೂ ಆಗಿತ್ತು. ಒಂದು ನೋಟ್‌ಬುಕ್ಕಿನಲ್ಲಿ ದಾರಿ ಬರೆದೆ: ಹೊಸೂರು, ಸೇಲಂ, ಉಡುಮಲೈಪೇಟೆ, ಮರಯೂರು. ಎಲ್ಲಿ ನೀರು ತುಂಬಿಸಿಕೊಳ್ಳುವುದು, ಘಾಟಿಯನ್ನು ಯಾವ ಹೊತ್ತಿಗೆ ಹತ್ತುವುದು, ಎಷ್ಟು ಅಕ್ಕಿ, ಎಷ್ಟು ಹುಳಿಪುಡಿ. ಆಮೇಲೆ ಗ್ರಾಫ್ ಹಾಳೆಯಲ್ಲಿ ವ್ಯಾನಿನ ಒಳಗನ್ನು ಅಳತೆಗೆ ಸರಿಯಾಗಿ ಬರೆದೆ. ಹಿಂಭಾಗದಲ್ಲಿ ಅಡ್ಡಲಾಗಿ ಅಪ್ಪ ಅಮ್ಮನ ಹಲಗೆ. ಅದರ ಮುಂದೆ ಎಡಕ್ಕೊಂದು ಬಲಕ್ಕೊಂದು ಉದ್ದ ಬೆಂಚು, ಒಂದು ತಂಗಿಗೆ, ಒಂದು ನನಗೆ. ಒಂದೊಂದರ ಅಗಲ ಇಪ್ಪತ್ತೆರಡು ಇಂಚು. ನಡುವೆ ಉಳಿಯುವುದೂ ಇಪ್ಪತ್ತೆರಡೇ ಇಂಚು. ಆ ಜಾಗಕ್ಕೆ ಎರಡು ಬೆಂಚುಗಳ ಮೇಲೆ ಆತುಕೊಳ್ಳುವಂತೆ ಒಂದು ಹಲಗೆ ಹಾಕಿದರೆ ಐದನೆಯವರಿಗೆ ಹಾಸಿಗೆ ಆಗುತ್ತದೆ. ಇದು ನನಗೆ ಗೆರೆ ಎಳೆಯುವಾಗಲೇ ಹೊಳೆಯಿತು. ನಾನು ಅಲ್ಲಿ ಒಂದು ಚೌಕ ಎಳೆದು 'ಅಡುಗೆ ಪೆಟ್ಟಿಗೆ' ಎಂದು ಬರೆದೆ.

ಯಾಕೆಂದು ಹೇಳಬೇಕು. ಮನೆಯಲ್ಲಿ ನಾನು ಮತ್ತು ಅಜ್ಜಿ ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಮೂರು ಅಡಿಯ ಮಂಚ. ಗೋಡೆಯ ಕಡೆ ನಾನು, ಆಚೆ ಅಜ್ಜಿ. ಎಂಟು ವರ್ಷ ಹಾಗೇ ನಡೆದಿತ್ತು. ಅಜ್ಜಿಯ ಹರಳೆಣ್ಣೆ, ಎಲೆ ಅಡಿಕೆ, ನಿದ್ದೆಯಲ್ಲಿ ಆಡುಗಳನ್ನು ಕರೆಯುವ ದನಿ, ನನ್ನ ಹೊಟ್ಟೆಯ ಮೇಲೆ ಬಂದು ಬೀಳುವ ಕೈ. ಕಾಲೇಜಿಗೆ ಹೋದರೆ ನನ್ನ ದುಪಟ್ಟಾ ಹರಳೆಣ್ಣೆಯ ವಾಸನೆ ಹೊಡೆಯುತ್ತದೆಯೇನೋ ಎಂದು ನಾನು ಬಸ್ಸಿನಲ್ಲಿ ಮೂಸಿ ನೋಡಿಕೊಳ್ಳುತ್ತಿದ್ದೆ. ನನಗೆ ಒಂದು ವಾರ, ಏಳು ದಿನ, ಯಾರೂ ಮುಟ್ಟದ ಒಂದು ಹಾಸಿಗೆ ಬೇಕಾಗಿತ್ತು. ನಡುವೆ ಹಲಗೆ ಬಿದ್ದರೆ ಅಜ್ಜಿ ಮತ್ತೆ ನನ್ನ ಪಕ್ಕಕ್ಕೇ ಬರುತ್ತಿದ್ದರು.

ಊಟಕ್ಕೆ ಕೂತಾಗ ಅಪ್ಪ ಹಾಳೆಯನ್ನು ಹಿಡಿದು ನೋಡಿದರು.

"ನಾಲ್ಕೇನಾ ಹಿಡಿಯೋದು?"

"ನಾಲ್ಕೇ ಅಪ್ಪ."

"ನಮ್ಮಮ್ಮಂಗೆ?"

"ಅಗಲ ಸಾಲಲ್ಲ."

ಅಪ್ಪ ಹಾಳೆಯನ್ನು ಅಡ್ಡ ತಿರುಗಿಸಿ, ಮತ್ತೆ ನೇರ ಮಾಡಿ ನೋಡಿದರು. ಅವರಿಗೆ ಆ ಗೆರೆಗಳು ಅರ್ಥವಾಗುತ್ತಿರಲಿಲ್ಲ. "ನಮ್ಮ ಇಂಜಿನಿಯರಮ್ಮ ಅಳೆದಮೇಲೆ ಮುಗೀತು," ಎಂದರು, ನಗದೆ. ಅಮ್ಮ ಅನ್ನ ಬಡಿಸಿದರು.

ಮಾತಾಡಿದ್ದು ಅಜ್ಜಿಯೇ. "ಬುಡೋ, ಅದಕ್ಯಾಕೆ ಮುಖ ಹಂಗೆ ಮಾಡ್ಕೊಂಡಿದೀಯ. ನನ್ ಮಂಡಿಗೆ ಬೆಟ್ಟ ಎಲ್ಲಾಯ್ತದೆ? ನಿಮ್ಮಕ್ಕನ ಮನೇಲಿ ಇರ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಆಡು ಎಷ್ಟವೆ ಅಂತ ಎಣಿಸ್ಕೊಂಡು ಬಾ," ಎಂದರು.

ಬೆಂಚುಗಳಿಗೆ ದಿಂಬು ಹೊಲಿಸಲು ವ್ಯಾನನ್ನು ಶಿವಾಜಿನಗರಕ್ಕೆ ಒಯ್ದೆವು. ಗಾಡಿಗಳ ಸೀಟು ಹೊಲಿಯುವ ಒಬ್ಬ ಹಿರಿಯರು ಅಪ್ಪನಿಗೆ ಹಳೆಯ ಪರಿಚಯ. ಹಿಂದಿನ ವಾರ ರೆಕ್ಸಿನ್ ಆರಿಸಲು ಅಜ್ಜಿಯೂ ಬಂದಿದ್ದರು. ಆಡಿನ ಕಥೆಯನ್ನೆಲ್ಲ ಅವರಿಗೆ ಹೇಳಿ, ಕೊಳೆ ಕಾಣದ ಬಣ್ಣ ಎಂದು ಕಂದು ಬಣ್ಣವನ್ನು ಆರಿಸಿಕೊಟ್ಟಿದ್ದರು. ಈ ಸಲ ಅಪ್ಪ ಟೀ ಕುಡಿಯಲು ಹೋಗಿದ್ದಾಗ ಆ ಹಿರಿಯರು ವ್ಯಾನಿನೊಳಗೆ ಮಂಡಿಯೂರಿ ತಾವೇ ಒಮ್ಮೆ ಅಳೆದರು.

"ಬೇಟಾ, ಮಧ್ಯೆ ಒಂದು ಪಟ್ಟಿ ಹಲಗೆ ಹಾಕಿ, ಅದಕ್ಕೊಂದು ದಿಂಬು ಮಾಡ್ಕೊಡ್ತೀನಿ. ನಿಮ್ಮ ದಾದೀಗೆ ಆರಾಮ್."

"ಅಲ್ಲಿ ಅಡುಗೆ ಪೆಟ್ಟಿಗೆ ಬರತ್ತೆ."

"ಪೆಟ್ಟಿಗೇನ ಹಿಂದೆ ಹಲಗೆ ಕೆಳಗೆ ತಳ್ಳಿ. ಪೆಟ್ಟಿಗೆಗೆ ಸೊಂಟ ನೋಯತ್ತಾ?" ಎಂದು ನಕ್ಕರು.

"ಅವರು ಬರ್ತಿಲ್ಲ," ಎಂದೆ.

ಅವರ ನಗು ನಿಂತಿತು. ನನ್ನ ಮುಖವನ್ನೇನೂ ನೋಡಲಿಲ್ಲ, ಟೇಪನ್ನು ಸುತ್ತಿಕೊಂಡರು. "ಅಚ್ಛಾ. ಕಲರ್ ಅವರೇ ಆರಿಸಿದ್ದು, ಅದಕ್ಕೇ ಕೇಳ್ದೆ." ಅಪ್ಪ ಟೀ ಕುಡಿದು ಬಂದಾಗ ಅವರು ಈ ಮಾತು ಎತ್ತಲಿಲ್ಲ. ಎತ್ತಲಿ ಎಂದು ನಾನು ಒಂದು ಕ್ಷಣ ಆಸೆಪಟ್ಟೆ, ಎತ್ತದಿದ್ದಾಗ ನಿರಾಳವೂ ಆಯಿತು. ಎರಡೂ ನಿಜ.

ಪೆಟ್ಟಿಗೆ ಬಡಗಿಯಿಂದ ಬರುವುದಕ್ಕೆ ಇನ್ನೂ ಎರಡು ದಿನವಿತ್ತು. ಮಧ್ಯಾಹ್ನ ಒಗೆದ ಪರದೆಗಳನ್ನು ಕಟ್ಟಲು ವ್ಯಾನಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಎರಡು ಬೆಂಚುಗಳ ನಡುವೆ ನೆಲದ ಮೇಲೆ ಚಾಪೆ ಹಾಸಿಕೊಂಡು ಅಜ್ಜಿ ಮಲಗಿದ್ದರು. ನಿದ್ದೆ ಮಾಡುತ್ತಿರಲಿಲ್ಲ. ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು, ಮೈಯನ್ನು ಆದಷ್ಟು ಚಿಕ್ಕದು ಮಾಡಿಕೊಂಡು, ವ್ಯಾನಿನ ಚಾವಣಿ ನೋಡುತ್ತಿದ್ದರು. ಎರಡೂ ಕಡೆ ಇನ್ನೂ ನಾಲ್ಕು ಬೆರಳು ಜಾಗವಿತ್ತು.

ನನ್ನನ್ನು ಕಂಡು ಅಜ್ಜಿಯ ಮುಖ ಅರಳಿತು. "ನೋಡಮ್ಮಣ್ಣಿ, ನಾನು ಹಿಡೀತೀನಿ!"

ಈಗ ಎಷ್ಟೋ ಸಲ ಆ ಜಾಗದಲ್ಲಿ ಬೇರೆ ಮಾತು ಹಾಕಿ ನೋಡಿದ್ದೇನೆ. ಹೌದಲ್ಲ ಅಜ್ಜಿ, ನಾನು ತಪ್ಪು ಅಳೆದಿದ್ದೆ ಎಂದಿದ್ದರೆ ಸಾಕಿತ್ತು. ಅಪ್ಪ ಕುಣಿದಾಡುತ್ತಿದ್ದರು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

"ಅಲ್ಲಿ ಪೆಟ್ಟಿಗೆ ಬರತ್ತೆ ಅಜ್ಜಿ," ಎಂದೆ.

"ಹೌದಾ?" ಎಂದರು. ಒಂದು ಕೈಯನ್ನು ಚಾಚಿ ನನ್ನ ಬೆಂಚನ್ನು ಮುಟ್ಟಿದರು, ಆಮೇಲೆ ನನ್ನನ್ನು ನೋಡಿದರು. ಸ್ವಲ್ಪ ಹೊತ್ತೇ ನೋಡಿದರು. "ಸರಿ ಬುಡು." ಎರಡು ಬೆಂಚುಗಳನ್ನು ಹಿಡಿದು ಏಳಲು ಹೊರಟಾಗ ಮಂಡಿ ಕೇಳಲಿಲ್ಲ. ಕೈ ಕೊಟ್ಟು ಎಬ್ಬಿಸಿದೆ. ಚಾಪೆಯನ್ನು ಅವರೇ ಸುತ್ತಿಕೊಂಡರು.

ಆ ಸಂಜೆ ಅಪ್ಪನಿಗೆ ಹೇಳಲು ಹೋದೆ. ಅವರು ವ್ಯಾನಿನ ಕೆಳಗೆ ಮಲಗಿ ಏನನ್ನೋ ಬಿಗಿಮಾಡುತ್ತಿದ್ದರು. "ಏನಮ್ಮಾ ಇಂಜಿನಿಯರ್, ಮತ್ತೇನಾದ್ರೂ ಬದಲಾಯಿಸ್ಬೇಕಾ?" ಎಂದು ಅಲ್ಲಿಂದಲೇ ಕೇಳಿದರು. ಇಲ್ಲ ಅಪ್ಪ ಎಂದು ಅವರು ಕೇಳಿದ ಸ್ಪ್ಯಾನರ್ ಎತ್ತಿ ಕೊಟ್ಟೆ.

ಹೊರಡುವ ದಿನ ಮೊದಲು ಅಜ್ಜಿಯನ್ನು ಕೆ.ಆರ್. ಪುರದಲ್ಲಿ ಅತ್ತೆಯ ಮನೆಗೆ ಬಿಟ್ಟೆವು. ಇಳಿಯುವ ಮುಂಚೆ ಅಜ್ಜಿ ಸೆರಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟರು. ಕಲ್ಲುಪ್ಪು. "ಅಂಗೈ ಮೇಲೆ ಇಟ್ಕೊಂಡು ಸುಮ್ಮನೆ ನಿಂತ್ಕೋ. ಆಡು ಉಪ್ಪಿಗೆ ತಾನೇ ಬತ್ತದೆ."

ಪ್ರವಾಸ ಚೆನ್ನಾಗಿತ್ತು. ಹಾಗೆ ಬರೆಯಲು ನಾಚಿಕೆಯಾದರೂ ಚೆನ್ನಾಗಿತ್ತು. ಇಕ್ಕಟ್ಟಿನ ಘಾಟಿ, ಚಹಾ ತೋಟ, ಪೆಟ್ಟಿಗೆಯ ಮೇಲೆ ಅಮ್ಮ ಮಾಡಿದ ಉಪ್ಪಿಟ್ಟು. ನನ್ನ ಬೆಂಚಿನಲ್ಲಿ ಯಾರ ಕೈಯೂ ನನ್ನ ಮೇಲೆ ಬೀಳಲಿಲ್ಲ. ಆಡುಗಳು ನಿಜವಾಗಿಯೂ ದಾರಿಯ ಪಕ್ಕಕ್ಕೇ ಬಂದವು, ಮರಿಗಳೂ ಇದ್ದವು. ಇಪ್ಪತ್ತಾರು ಎಣಿಸಿದೆ. ಏನನ್ನೂ ತಿನ್ನಿಸಬಾರದು ಎಂದು ಬೋರ್ಡು ಹಾಕಿದ್ದರು, ಕಾವಲುಗಾರನೂ ಅಲ್ಲೇ ನಿಂತಿದ್ದ. ಉಪ್ಪಿನ ಗಂಟು ನನ್ನ ಚೀಲದಲ್ಲೇ ಉಳಿಯಿತು.

ವಾಪಸು ಬರುವಾಗ ಅಜ್ಜಿಯನ್ನು ಕರೆದುಕೊಂಡೇ ಮನೆಗೆ ಬಂದೆವು. ದಾರಿಯುದ್ದಕ್ಕೂ ಅಡುಗೆ ಪೆಟ್ಟಿಗೆಯ ಮೇಲೆ ಕೂತು ತಂಗಿಯ ಮಾತು ಕೇಳುತ್ತಿದ್ದರು. ಮನೆಗೆ ಬಂದು ಕಾಲು ತೊಳೆದ ಮೇಲೆ ನನ್ನನ್ನು ಕೇಳಿದರು.

"ಎಷ್ಟಿದ್ವು?"

"ಇಪ್ಪತ್ತಾರು."

"ಉಪ್ಪು ತಿಂದ್ವಾ?"

ಬೋರ್ಡಿನ ವಿಷಯ ಹೇಳಬಹುದಿತ್ತು. ಅಜ್ಜಿಗೆ ಸಂತೋಷವಾಗಲಿ ಎನಿಸಿತು. "ತಿಂದ್ವು ಅಜ್ಜಿ. ನನ್ನ ಕೈಯಿಂದಾನೇ."

"ನಾಲಿಗೆ ಹೆಂಗಿತ್ತು?"

"ಮೆತ್ತಗೆ," ಎಂದೆ.

ಆಡಿನ ನಾಲಿಗೆ ಒರಟು. ಅದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ಆಗ ಅಜ್ಜಿ "ಮೆತ್ತಗಾ?" ಎಂದಷ್ಟೇ ಕೇಳಿ, ಸ್ವಲ್ಪ ನಕ್ಕು, ಮಂಚದ ಮೇಲಿನ ತಮ್ಮ ದಿಂಬನ್ನು ಎತ್ತಿಕೊಂಡರು. ಬಾಗಿಲ ಪಕ್ಕ, ಬೀರುವಿಗೂ ಗೋಡೆಗೂ ನಡುವೆ ಇದ್ದ ಜಾಗದಲ್ಲಿ ಚಾಪೆ ಹಾಸಿ ಅದರ ಮೇಲೆ ಇಟ್ಟರು.

"ಇದೇನಜ್ಜಿ?"

"ಮಂಚ ನಿಂಗೇ ಇರ್ಲಿ ಕಣಮ್ಮಣ್ಣಿ. ದೊಡ್ಡೋಳಾದೆ. ನಾನು ಇಲ್ಲಿ ಹಿಡೀತೀನಿ." ದನಿಯಲ್ಲಿ ಕೋಪವಿರಲಿಲ್ಲ. ನನಗೆ ಏನು ಬೇಕಾಗಿತ್ತು ಎಂಬುದು ಕೊನೆಗೂ ತಮಗೆ ತಿಳಿಯಿತು ಎನ್ನುವಂತೆ ಹೇಳಿದರು.

ನೆಲ ತಣ್ಣಗಿದೆ ಎಂದೆ. ಮಂಡಿ ನೋಯುತ್ತದೆ ಎಂದೆ. ಬಾಗಿಲ ಗಾಳಿ ಎಂದೆ. ಆಮೇಲಿನ ವರ್ಷಗಳಲ್ಲೂ ಇಂಥ ಕಾರಣಗಳನ್ನೇ ಹೇಳಿ ಕರೆದೆ, ಹೇಳಬೇಕಾದ ಒಂದು ಮಾತನ್ನು ಬಿಟ್ಟು. ಅಜ್ಜಿ ಇರುವವರೆಗೂ ಮಂಚಕ್ಕೆ ಬರಲಿಲ್ಲ. ನಾನು ಯೂನಿವರ್ಸಿಟಿಗೆಂದು ಮನೆ ಬಿಡುವವರೆಗೂ ಅದರಲ್ಲಿ ಒಬ್ಬಳೇ ಮಲಗಿದೆ, ಗೋಡೆಗೆ ಒತ್ತಿಕೊಂಡು, ಆಚೆಯ ಅರ್ಧವನ್ನು ಹಾಗೇ ಬಿಟ್ಟು.